ಎಲ್ಲರಿಗೂ ಸಿಸೇರಿಯನ್, ದುಡ್ಡಿಗಾಗಿಯೇ?

ಪ್ರಶ್ನೆ: ನಮ್ಮಜ್ಜಿಗೆ ಎಂಟು ಹೆರಿಗೆಯೂ ಮನೆಯಲ್ಲೇ ಆದವು. ಈಗ ಯಾರನ್ನು ಕೇಳಿದರೂ ಸಿಸೇರಿಯನ್. ಡಾಕ್ಟರುಗಳು ದುಡ್ಡಿಗಾಗಿ ಕೊಯ್ಯುತ್ತಾರಾ?

ಉತ್ತರ: ದುಡ್ಡೂ ಒಂದು ಕಾರಣವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 14 ಹೆರಿಗೆ ಸಿಸೇರಿಯನ್. ಖಾಸಗಿಯಲ್ಲಿ 47. ಇಷ್ಟು ಅಂತರ ಸುಮ್ನೆ ಬರುವುದಿಲ್ಲ.

ಆದರೆ ನನ್ನ ಪ್ರಕಾರ ದುಡ್ಡಿಗಿಂತ ದೊಡ್ಡದು ಹೊತ್ತು. ಚೊಚ್ಚಲ ಹೆರಿಗೆಯ ನೋವು ಹನ್ನೆರಡು ಗಂಟೆ ದಾಟುವುದು ಮಾಮೂಲು. ಆಪರೇಷನ್ ಒಂದು ಗಂಟೆಯೊಳಗೆ ಮುಗಿಯುತ್ತದೆ. ಸಣ್ಣ ನರ್ಸಿಂಗ್ ಹೋಮ್ ನೆನೆಸಿಕೊಳ್ಳಿ. ಇರುವುದು ಒಬ್ಬರೇ ಡಾಕ್ಟರ್. ಅರಿವಳಿಕೆ ಕೊಡುವವರು ಫೋನ್ ಮಾಡಿದರೆ ಹೊರಗಿನಿಂದ ಬರಬೇಕು. ರಾತ್ರಿ ಎರಡಕ್ಕೆ ಮಗುವಿನ ಎದೆಬಡಿತ ಇಳಿದರೆ ಅವರು ಸಿಗುತ್ತಾರೋ ಇಲ್ಲವೋ. ಹಾಗಾಗಿ ಸಂಜೆ ಆರಕ್ಕೇ 'ಮಾಡಿಬಿಡೋಣ' ಅನ್ನುತ್ತಾರೆ. ಏನಾದರೂ ಆದರೆ ಮನೆಯವರು ಬಂದು ಗಲಾಟೆ ಮಾಡುತ್ತಾರೆಂಬ ಹೆದರಿಕೆ ಬೇರೆ.

ತಡವಾಗಿ ಬಸಿರಾಗುವುದು, ಶುಗರ್, ಬಿಪಿ, ಅವಳಿ ಇವೂ ಸೇರಿವೆ. ಇನ್ನು ನಮ್ಮ ಮನೆಗಳವರೇ 'ಅಮಾವಾಸ್ಯೆ ಬೇಡ, ಮೂಲಾ ನಕ್ಷತ್ರಕ್ಕೆ ಮುಂಚೆ ತೆಗೆದುಬಿಡಿ' ಅನ್ನುವುದೂ ಉಂಟಲ್ವಾ?

ಅಜ್ಜಿಯ ಕಾಲದ ಬಗ್ಗೆ ಒಂದು ಮಾತು. ಆಗ ಹೆರಿಗೆಯಲ್ಲಿ ತೀರಿಕೊಂಡವರ ಕಥೆ ಹೇಳಲು ಅವರು ಉಳಿದಿಲ್ಲ. ಮಗು ಅಡ್ಡ ಇದ್ದಾಗ, ಮಾಸು ಗರ್ಭದ ಬಾಯಿಗೆ ಅಡ್ಡ ಕೂತಾಗ ಸಿಸೇರಿಯನ್ನೇ ಜೀವ ಉಳಿಸುವುದು.

ಲೆಕ್ಕ ಏರಲು ಇನ್ನೊಂದು ಕಾರಣ ಮೊದಲ ಹೊಲಿಗೆ. ಒಮ್ಮೆ ಕೊಯ್ದ ಮೇಲೂ ಬಹಳಷ್ಟು ಜನರಿಗೆ ಮುಂದಿನದು ನಾರ್ಮಲ್ ಆಗಬಹುದು. ಆದರೆ ಹಳೇ ಗಾಯ ಬಿಚ್ಚಿಕೊಳ್ಳುವ ಸಣ್ಣ ಅಪಾಯ ಇರುವುದರಿಂದ ಆಪರೇಷನ್ ಥಿಯೇಟರ್, ರಕ್ತ ಎರಡೂ ಹಗಲೂ ರಾತ್ರಿ ಸಿದ್ಧವಿರಬೇಕು. ಅದಿಲ್ಲದ ಕಡೆ ಎರಡನೆಯದೂ ಸಿಸೇರಿಯನ್ನೇ. ಹೀಗೆ ಎರಡು, ಮೂರು ಆಗುತ್ತಾ ಹೋದರೆ ಮಾಸು ಆ ಗಾಯಕ್ಕೇ ಕಚ್ಚಿಕೊಂಡು ವಿಪರೀತ ರಕ್ತ ಹೋಗುವ ಸಂಭವ ಹೆಚ್ಚುತ್ತದೆ.

ಹಾಗಾಗಿ ಜಗ್ಗಾಡಬೇಕಾದ್ದು ಮೊದಲನೆಯದಕ್ಕೆ. ತುರ್ತು ಇಲ್ಲ ಅಂದಾಗ ಕೇಳಿ: ಗರ್ಭದ ಬಾಯಿ ಎಷ್ಟು ತೆರೆದಿದೆ? ಇನ್ನೆರಡು ಗಂಟೆ ಕಾದರೆ ಏನಾಗುತ್ತದೆ? ಐದು ಸೆಂಟಿಮೀಟರ್‌ಗೂ ಮುಂಚೆ ನೋವು ನಿಧಾನವಾಗಿರುವುದು ಸಹಜ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ. ನೋವು ಶುರುವಾದ ಮೇಲೆ ಹೀಗೆ ಕೇಳುತ್ತೇವೆ ಅಂತ ಏಳನೇ ತಿಂಗಳ ಚೆಕಪ್‌ನಲ್ಲೇ ಮಾತಾಡಿಕೊಳ್ಳಿ. ರಾತ್ರಿ ಅರಿವಳಿಕೆ ಡಾಕ್ಟರ್ ಎಲ್ಲಿರುತ್ತಾರೆ ಅಂತಲೂ ವಿಚಾರಿಸಿ.