ಉಪ್ಪುಗಾಳಿಯ ಊರಿನಲ್ಲಿ ಸ್ಟೀಲ್ ಪೈಪಿನ ಪಾಲಿಶ್

ಕಾರವಾರದಿಂದ ಭಟ್ಕಳದವರೆಗೆ ಸಮುದ್ರಕ್ಕೆ ಮುಖ ಮಾಡಿ ಹೋಟೆಲು, ರೆಸಾರ್ಟು, ಹೋಮ್‌ಸ್ಟೇಗಳು ಏಳುತ್ತಲೇ ಇವೆ. ಅವುಗಳ ಮಾಲೀಕರು ರೇಲಿಂಗ್ ಕೆಲಸದ ಕೊಟೇಶನ್ ತಂದು ನನಗೆ ತೋರಿಸುವಾಗ ಅವರ ಬೆರಳು ಓಡಾಡುವುದು ಮೂರೇ ಕಡೆ: ಪೈಪಿನ ಗ್ರೇಡು, ಗೇಜು (ತಗಡಿನ ದಪ್ಪ), ಅಡಿಗೆ ಎಷ್ಟು ರೂಪಾಯಿ. ಪಾಲಿಶ್ ಕೆಲಸಕ್ಕೆ ಕೊನೆಯ ಸಾಲಿನಲ್ಲಿ ‘ಬಫಿಂಗ್ ಸೇರಿ’ (ತಿರುಗುವ ಚಕ್ರದಿಂದ ಉಜ್ಜಿ ಹೊಳಪು ಕೊಡುವುದೂ ಸೇರಿ) ಎಂಬ ಎರಡು ಪದ ಸಿಕ್ಕರೆ ಹೆಚ್ಚು. ಚೌಕಾಸಿ ಶುರುವಾದರೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ನಮ್ಮ ಕರಾವಳಿಯಲ್ಲಿ ಇದಕ್ಕಿಂತ ದುಬಾರಿಯಾದ ಉಳಿತಾಯವನ್ನು ನಾನು ಕಂಡಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಕಾರಣ ಅದರೊಳಗಿನ ಕ್ರೋಮಿಯಂ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಕೆಲವೇ ನ್ಯಾನೋಮೀಟರ್ ದಪ್ಪದ, ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀರಿದರೂ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಒಂದೇ ಕಡೆ ತೇವದೊಂದಿಗೆ ಕುಳಿತುಬಿಟ್ಟರೆ ಪೊರೆ ಅಲ್ಲಲ್ಲಿ ಒಡೆಯುತ್ತದೆ, ಚಹಾ ಚೆಲ್ಲಿದಂತಹ ಕಂದು ಕಲೆ ಏಳುತ್ತದೆ. ಉಪ್ಪು ಕೂರಲು ಜಾಗ ಕೊಡುವುದು ಒರಟು ಮೈ. ಮೈಯ ಒರಟುತನವನ್ನು ‘ಆರ್‌ಎ’ ಎಂಬ ಅಳತೆಯಲ್ಲಿ, ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತಾರೆ. ಕಡಲಂಚಿನ ಕೆಲಸಕ್ಕೆ ಅದು 0.5 ಮೈಕ್ರಾನ್‌ಗಿಂತ ಕಡಿಮೆ ಇರಬೇಕು. ಅಲೆಯ ತುಂತುರು ತಾಗುವಷ್ಟು ಹತ್ತಿರವಿದ್ದರೆ ಸಾಮಾನ್ಯವಾಗಿ ಬಳಸುವ 304 ಗ್ರೇಡಿನ ಬದಲು, ಕ್ಲೋರೈಡ್ ತಡೆಯಲು ನೆರವಾಗುವ ಮಾಲಿಬ್ಡಿನಂ ಲೋಹ ಶೇಕಡಾ 2ರಿಂದ 3ರಷ್ಟು ಇರುವ 316 ಗ್ರೇಡು ಹಾಕಿಸಿ ಎನ್ನುತ್ತೇನೆ. ಆದರೆ ಒರಟಾಗಿ ಉಜ್ಜಿ ಬಿಟ್ಟರೆ 316 ಕೂಡ ಕಲೆಯಾಗುತ್ತದೆ. ದುಬಾರಿ ಪೈಪು ತಂದು ಅಗ್ಗದ ಪಾಲಿಶ್ ಮಾಡಿಸಿದವರಿಗೆ ಎರಡು ಕಡೆಯೂ ನಷ್ಟ.

ಮಳೆಗಾಲವೇ ಸ್ಟೀಲ್ ಕೆಡಿಸುತ್ತದೆ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ರೇಲಿಂಗನ್ನು ಹತ್ತಿರದಿಂದ ನೋಡಿದರೆ ಬೇರೆಯೇ ತಿಳಿಯುತ್ತದೆ. ಮಳೆ ನೇರ ಬೀಳುವ ಮೇಲ್ಮೈ ಚೆನ್ನಾಗಿರುತ್ತದೆ, ಕೈಹಿಡಿಯ ಅಡಿಭಾಗ ಮತ್ತು ಸಜ್ಜೆಯ ಕೆಳಗಿನ ಭಾಗ ಮೊದಲು ಕಂದಾಗುತ್ತದೆ. ದೀಪಾವಳಿ ಕಳೆದ ಮೇಲೆ ಮೇ ತಿಂಗಳವರೆಗೆ ಕಡಲಗಾಳಿ ತಂದು ಕೂರಿಸಿದ ಉಪ್ಪನ್ನು ತೊಳೆಯುವವರು ಯಾರೂ ಇರುವುದಿಲ್ಲ. ಜೂನ್ ಮಳೆ ಅದನ್ನು ತೊಳೆಯುತ್ತದೆ, ಆದರೆ ತನಗೆ ಎಟುಕಿದ ಕಡೆ ಮಾತ್ರ. ಹಾಗಾಗಿ ನಾನು ಪಾಲಿಶ್ ನೋಡುವಾಗ ಮೊದಲು ಬಗ್ಗಿ ಅಡಿಭಾಗ ನೋಡುತ್ತೇನೆ. ಕೆಲಸಗಾರರು ಬೇಗ ಕೈಬಿಡುವುದೂ ಅದೇ ಜಾಗವನ್ನು.

ಒಳ್ಳೆಯ ಪಾಲಿಶ್ ಎಂದರೆ ತಾಳ್ಮೆಯ ಕೆಲಸ. ಎಮರಿ ಪಟ್ಟಿಯ ನಂಬರು ಹೆಚ್ಚಿದಷ್ಟೂ ಅದರ ಕಣ ನುಣುಪು. 120ರ ಪಟ್ಟಿಯಿಂದ ಉಜ್ಜಿದ ಗೀರುಗಳನ್ನು 180 ಅಳಿಸಬೇಕು, 180ರದ್ದನ್ನು 240, ಅದರದ್ದನ್ನು 320. ಹೊಳಪು ಬೇಕಿದ್ದರೆ ಅದಾದ ಮೇಲೆ ಸೀಸಲ್ ಬಫ್ (ಕತ್ತಾಳೆ ನಾರಿನ ಚಕ್ರ), ಕೊನೆಗೆ ಪಾಲಿಶ್ ಸೋಪು ಹಚ್ಚಿದ ಕಾಟನ್ ಬಫ್ (ಹತ್ತಿಬಟ್ಟೆಯ ಚಕ್ರ). ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕನ್ನು ಬದಲಿಸಿದರೆ ಹಿಂದಿನ ಗೀರು ಉಳಿದಿದೆಯೋ ಇಲ್ಲವೋ ಕಣ್ಣಿಗೆ ಬೀಳುತ್ತದೆ. ಅವಸರದವರು 120ರಿಂದ ನೇರ ಬಫ್‌ಗೆ ಹಾರುತ್ತಾರೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅದು ಕನ್ನಡಿಯಂತೆಯೇ ಕಾಣುತ್ತದೆ. ಮೊಬೈಲಿನ ಟಾರ್ಚನ್ನು ಪೈಪಿಗೆ ಓರೆಯಾಗಿ ಹಿಡಿಯಿರಿ, ಹೊಳಪಿನ ಕೆಳಗೆ ಹಳೆಯ ಗೀರುಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದು ಹತ್ತಿಯ ಉಂಡೆಯನ್ನು ಮೈಮೇಲೆ ಎಳೆದರೆ ಎಳೆ ಸಿಕ್ಕಿಕೊಳ್ಳುವ ಕಡೆ ಮುಂದೆ ಉಪ್ಪೂ ನಿಲ್ಲುತ್ತದೆ. ಮ್ಯಾಟ್ ಫಿನಿಶ್ ಆದರೆ ನಿಂತ ಕಂಬಗಳಲ್ಲಿ ಗೆರೆಗಳು ಮೇಲಿಂದ ಕೆಳಕ್ಕೆ ಇರಲಿ, ನೀರು ಜಾರಿ ಹೋಗಲು ಅದೇ ದಾರಿ.

ವೆಲ್ಡಿಂಗ್ ಕೀಲುಗಳ ವಿಷಯದಲ್ಲಿ ನಾನು ಜಗಳಕ್ಕೂ ನಿಲ್ಲುತ್ತೇನೆ. ವೆಲ್ಡ್ ಪಕ್ಕದ ನೀಲಿ, ಚಿನ್ನದ ಬಣ್ಣದ ಪಟ್ಟಿಯ ಕೆಳಗೆ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಆ ಪದರವನ್ನು ಪೂರ್ತಿ ತೆಗೆಯದೆ ಮೇಲೆ ಬಫ್ ಹೊಡೆದರೆ ರೋಗವನ್ನು ಒಳಗಿಟ್ಟು ಮುಚ್ಚಿದ ಹಾಗೆ. ಪಿಕ್ಲಿಂಗ್ ಪೇಸ್ಟ್ (ಆ ಪದರವನ್ನು ಕರಗಿಸುವ ಆಮ್ಲದ ಲೇಪ) ಹಚ್ಚಿ, ಹೇಳಿದಷ್ಟೇ ಹೊತ್ತು ಬಿಟ್ಟು, ಧಾರಾಳ ನೀರಿನಿಂದ ತೊಳೆಯಬೇಕು. ಆ ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುವುದರಿಂದ ಕೈಗವಸು, ಕನ್ನಡಕ ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಹಚ್ಚಬಾರದು. ಇನ್ನೊಂದು ಕೇಡು, ಕಬ್ಬಿಣದ ಗೇಟು ಉಜ್ಜಿದ ಡಿಸ್ಕನ್ನೇ ಸ್ಟೀಲಿಗೂ ಬಳಸುವುದು. ಕಬ್ಬಿಣದ ಪುಡಿ ಸ್ಟೀಲಿನ ಮೈಯಲ್ಲಿ ನಾಟಿಕೊಂಡು ಒಂದೇ ಮಳೆಗೆ ಕಿತ್ತಳೆ ಚುಕ್ಕೆಗಳಾಗುತ್ತವೆ. ಮಾಲೀಕರು ‘ಪೈಪೇ ಡೂಪ್ಲಿಕೇಟು’ ಎಂದು ಅಂಗಡಿಯವರನ್ನು ಬೈಯುತ್ತಾರೆ. ಪೈಪು ಅಪ್ಪಟ 304 ಆಗಿದ್ದೂ ಹೀಗಾಗುತ್ತದೆ.

ಇಷ್ಟೆಲ್ಲ ಮಾಡಿದರೆ ವ್ಯಾಪಾರಕ್ಕೆ ಏನು ಸಿಗುತ್ತದೆ ಎಂದು ಕೇಳುತ್ತಾರೆ. ಗೋಕರ್ಣ, ಮುರ್ಡೇಶ್ವರದ ವಸತಿಗೃಹಗಳಿಗೆ ಜನ ಬರುವ ಕಾಲವೂ ಉಪ್ಪು ಕೂರುವ ಕಾಲವೂ ಒಂದೇ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕಲೆ ಎದ್ದರೆ ಅದನ್ನು ತೆಗೆಸಲು ಸಾರ ಕಟ್ಟಿಸಬೇಕು, ಸೀಸನ್ನಿನ ನಡುವೆ ಕೋಣೆ ಮುಚ್ಚಬೇಕು, ಬಂದ ಅತಿಥಿಗಳಿಗೆ ಗ್ರೈಂಡರಿನ ಸದ್ದು ಕೇಳಿಸಬೇಕು. ಶೆಡ್ಡಿನಲ್ಲಿ, ಮೇಜಿನ ಮೇಲೆ, ಪೈಪನ್ನು ತಿರುಗಿಸುತ್ತ ಮಾಡಬಹುದಾಗಿದ್ದ ಕೆಲಸಕ್ಕೆ ಆಗ ಹಲವು ಪಟ್ಟು ಖರ್ಚು. ಫ್ಯಾಬ್ರಿಕೇಷನ್ ಮಾಡುವ ನನ್ನ ಸ್ನೇಹಿತರಿಗೂ ಹೇಳುತ್ತೇನೆ: ಪಾಲಿಶ್ ದರವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಎಷ್ಟು ನಂಬರಿನ ಪಟ್ಟಿಯವರೆಗೆ, ಕೀಲುಗಳಿಗೆ ಏನು ಮಾಡುತ್ತೀರಿ ಎಂಬುದನ್ನೂ ಬರೆಯಿರಿ. ಬರೆದುಕೊಟ್ಟವರಿಗೆ ದರ ಕೇಳುವ ಧೈರ್ಯ ಬರುತ್ತದೆ. ಬಿಟ್ಟಿ ಬಂದು ತಿದ್ದಿಕೊಡುವ ಕೆಲಸ ಎಷ್ಟು ಜನರ ಲಾಭವನ್ನು ತಿಂದುಹಾಕಿದೆ ಎಂಬುದು ಅವರಿಗೇ ಗೊತ್ತು.

ಘಟ್ಟದ ಮೇಲೆ, ಶಿರಸಿ ಕಡೆ, ಉಪ್ಪುಗಾಳಿಯ ಕಾಟವಿಲ್ಲ. ಅಲ್ಲಿ ಪ್ರಶ್ನೆ ಪೈಪಿನ ಒಳಮೈಯದು. ಹಾಲು, ಮುರುಗಲು ಸಿರಪ್ ಹರಿಯುವ ಪೈಪಿನ ಒಳಗೆ ಗೀರುಗಳಿದ್ದರೆ ಅಂಟು ಅಲ್ಲೇ ಉಳಿಯುತ್ತದೆ, ತೊಳೆದರೂ ಹೋಗದು, ಮಾಲು ಹುಳಿಯುತ್ತದೆ. ಆಹಾರ ತಾಗುವ ಮೈಯ ಒರಟುತನ 0.8 ಮೈಕ್ರಾನ್ ಮೀರಬಾರದು ಎಂಬುದು ಆ ಉದ್ಯಮದ ಸಾಮಾನ್ಯ ಮಿತಿ. ವೆಲ್ಡ್ ಮಾಡುವಾಗ ಹೊರಗಿನಂತೆ ಒಳಗೂ ಆರ್ಗಾನ್ ಅನಿಲ ಬಿಡದಿದ್ದರೆ ಕೀಲಿನ ಒಳಭಾಗ ಕಪ್ಪಾಗಿ ತರಿತರಿಯಾಗುತ್ತದೆ. ಪೈಪು ಜೋಡಿಸಿದ ಮೇಲೆ ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ.

ಕಟ್ಟಡ ಮುಗಿಸುವ ಅವಸರದಲ್ಲಿ ಎಲ್ಲರೂ ಮರೆಯುವ ಸಂಗತಿ ಇನ್ನೊಂದಿದೆ. ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಕೊನೆಯಲ್ಲಿ ಆ್ಯಸಿಡ್ ಸುರಿಯುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ, ಅದರ ಹೊಗೆ ತಾಗಿದರೂ ಸಾಕು, ಹೊಸ ರೇಲಿಂಗ್ ಕಲೆಯಾಗುತ್ತದೆ. ಆ್ಯಸಿಡ್ ತೊಳೆತ ಪೂರ್ತಿ ಮುಗಿದ ಮೇಲೆಯೇ ರೇಲಿಂಗ್ ಕೂರಿಸಿ. ಕೂರಿಸಿಯಾಗಿದ್ದರೆ ಪ್ಲಾಸ್ಟಿಕ್ ಸುತ್ತಿ, ತೊಳೆತ ಮುಗಿದ ಕೂಡಲೇ ಬಿಚ್ಚಿ ಸಿಹಿನೀರಿನಿಂದ ಅಡಿಭಾಗ ಸಮೇತ ತೊಳೆಸಿ. ಆಮೇಲೆ ದೀಪಾವಳಿಯಿಂದ ಮಳೆ ಹಿಡಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಮೆತ್ತನೆಯ ಬಟ್ಟೆ, ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಕಬ್ಬಿಣದ ನಾರಿನ ಉಜ್ಜುಗ ಮಾತ್ರ ಹತ್ತಿರ ಬರುವುದು ಬೇಡ.