ಕೆರೆಗೆ ಬಂದ ಮಣ್ಣು ಎಲ್ಲಿಗೆ ಹೋಗಬೇಕು?

2024ರ ಜನವರಿ ಕೊನೆಗೆ ರಾಜ್ಯದ ಮೂರು ಜೌಗು ತಾಣಗಳು ರಾಮ್ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ಪಟ್ಟಿ ಸೇರಿದವು. ವಿಜಯನಗರ ಜಿಲ್ಲೆಯ ಅಂಕಸಮುದ್ರ, ಕುಮಟಾ ಬಳಿಯ ಅಘನಾಶಿನಿ ಅಳಿವೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ. ಅಳಿವೆ 4,801 ಹೆಕ್ಟೇರ್, ನಮ್ಮ ಕೆರೆ ಸುಮಾರು 54. ಪಟ್ಟಿ ಒಂದೇ ಆದರೂ ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಹಕ್ಕಿ ಬರುವ ಕೆರೆಯ ಹೂಳು ತೆಗೆಯಬೇಕೋ ಬೇಡವೋ ಎಂಬ ಗೊಂದಲ ಬಿಡಿಸಿಕೊಳ್ಳಲು ಅದನ್ನು ತಿಳಿಯಬೇಕು.

ಅಳಿವೆಯಲ್ಲಿ ಉಬ್ಬರ ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಇಳಿತದಲ್ಲಿ ನೀರು ಮತ್ತೆ ಹೊರಗೆ ಹೋಗುತ್ತದೆ. ಮಣ್ಣೂ ಜೊತೆಗೆ ಓಡಾಡುತ್ತದೆ. ಅಲ್ಲಿನ ಬಳಚು, ಏಡಿ, ಕಾಂಡ್ಲಾ ಕಾಡು ಎಲ್ಲವೂ ಆ ಓಡಾಟದ ಮೇಲೇ ಬದುಕಿವೆ. ಕೆರೆಗೆ ಉಬ್ಬರ ಇಲ್ಲ. ಕೋಡಿ ಬಿದ್ದಾಗ ಒಂದಿಷ್ಟು ಹೋಗಬಹುದು, ಉಳಿದದ್ದು ಅಲ್ಲೇ ಕೂರುತ್ತದೆ.

ಅಜ್ಜಂದಿರ ಕಾಲದವರೆಗೂ ಆ ಹೂಳನ್ನು ಹೊರಗೆ ಸಾಗಿಸಿದ್ದು ಮನುಷ್ಯರೇ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಚಕ್ಕಡಿ ಹೂಡಿಕೊಂಡು ಹೋಗಿ ಗೋಡು, ಅಂದರೆ ಕೆರೆಯ ಹೂಳುಮಣ್ಣು, ತುಂಬಿ ತಂದು ಹೊಲಕ್ಕೆ ಹಾಕುತ್ತಿದ್ದರು. ಹೊಲದಿಂದ ಹರಿದುಹೋದ ಮಣ್ಣು ಹೊಲಕ್ಕೇ ಮರಳುತ್ತಿತ್ತು. ಆಮೇಲೆ ಚೀಲದ ಗೊಬ್ಬರ ಬಂತು, ಬೋರ್‌ವೆಲ್ ಬಂತು, ಕೆರೆ ಇಲಾಖೆಗಳ ಪಾಲಾಯಿತು. ಚಕ್ಕಡಿ ನಿಂತವು, ಹೂಳು ನಿಲ್ಲಲಿಲ್ಲ.

ಅಡ್ಡಮಳೆ ಬೀಳುವಾಗ ಹೊಲಗಳು ಬೋಳಾಗಿರುತ್ತವೆ, ಅಲ್ವಾ? ಕೆಂಪಗೆ, ಕಪ್ಪಗೆ ಹರಿಯುವ ಹಳ್ಳ ಕೆರೆ ಮುಟ್ಟಿದ ಕೂಡಲೇ ನಿಧಾನವಾಗುತ್ತದೆ. ಭಾರದ ಮರಳು ಹಳ್ಳದ ಬಾಯಲ್ಲೇ ಉಳಿಯುತ್ತದೆ. ಎರೆಯ ನುಣ್ಣನೆ ಮಣ್ಣು ದಿನಗಟ್ಟಲೆ ತೇಲಿ, ಒಡ್ಡಿನ ಹತ್ತಿರದ ಆಳಕ್ಕೆ ಹೋಗಿ ಕೂರುತ್ತದೆ. ಗೊಬ್ಬರದ ರಂಜಕ ಅಂಟಿಕೊಂಡು ಬರುವುದು ಈ ನುಣ್ಣನೆ ಮಣ್ಣಿಗೇ. ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಆ ರಂಜಕ ಮಣ್ಣಿನಿಂದ ಬಿಟ್ಟು ನೀರಿಗೆ ಸೇರುತ್ತದೆ, ಪಾಚಿ ಜಾಸ್ತಿಯಾಗುತ್ತದೆ. ಆಳ ಕಳೆದುಕೊಂಡ ಕೆರೆಯ ನೀರು ಬಿಸಿಲಿಗೆ ಬೇಗ ಆರಿಯೂ ಹೋಗುತ್ತದೆ.

ಹಾಗಂತ ಯಂತ್ರ ಇಳಿಸಿ ಇಡೀ ಕೆರೆಯನ್ನು ತಟ್ಟೆ ತೊಳೆದಂತೆ ಕೆರೆದುಬಿಟ್ಟರೆ ಆಗುವುದಿಲ್ಲ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತು ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳಿ ವಿಶ್ರಾಂತಿ ಪಡೆಯುತ್ತದೆ. ಉದ್ದ ಕಾಲಿನ ಸಣ್ಣ ಹಕ್ಕಿಗಳು ಹುಳ ಹೆಕ್ಕುವುದೇ ಅಂಚಿನ ತೆಳು ಕೆಸರಿನಲ್ಲಿ. ಅಂಚನ್ನು ಕಡಿದಾಗಿ ಅಗೆದರೆ ಆ ಕೆಸರೇ ಇರುವುದಿಲ್ಲ. ಮೇಲಿನ ಹೊಲಗಳ ಬದು ಸರಿಯಾಗದಿದ್ದರೆ ತೆಗೆದಷ್ಟೂ ಮತ್ತೆ ತುಂಬುತ್ತದೆ, ಅಗೆದ ದುಡ್ಡು ಸುಮ್ನೆ ಹೋಗುತ್ತದೆ.

ಮಾರ್ಚ್ ಹೊತ್ತಿಗೆ ಹೆಬ್ಬಾತುಗಳು ಹೊರಡುತ್ತವೆ, ಮುಂಗಾರು ಬರುವುದು ಜೂನಿಗೆ. ನಡುವಿನ ಬೇಸಿಗೆಯಲ್ಲಿ ಹಳ್ಳದ ಬಾಯಿಯ ಮರಳನ್ನೂ ಒಡ್ಡಿನ ಬಳಿಯ ಗೋಡನ್ನೂ ತೆಗೆದು, ಅಂಚನ್ನು ಮುಟ್ಟದೆ ಬಿಡಬಹುದು. ಗೋಡು ಹಾಕಿಸಿಕೊಳ್ಳಲು ಹೊಲಗಳು ಪಕ್ಕದಲ್ಲೇ ಇವೆ.