ವಾಯಿಲ್ ಸೀರೆಯ ‘ವಾಯಿಲ್’ ಎಲ್ಲಿಂದ ಬಂತು?

ಪ್ರಶ್ನೆ: ಮನೆಯಲ್ಲಿ ಎಲ್ಲರೂ ‘ವಾಯಿಲ್ ಸೀರೆ’ ಎನ್ನುತ್ತಾರೆ. ಅಂಗಡಿಯಲ್ಲಿ ‘ಫುಲ್ ವಾಯಿಲ್’ ಅಂತಲೂ ಹೇಳುತ್ತಾರೆ. ವಾಯಿಲ್ ಅಂದರೆ ತೆಳು ಕಾಟನ್ ಅಂತಲೇ ಅರ್ಥವಾ? ಇದು ಯಾವ ಭಾಷೆಯ ಪದ?

ಉತ್ತರ: ಪದ ಫ್ರೆಂಚ್ ಭಾಷೆಯದು. ಅಲ್ಲಿ ಅದಕ್ಕೆ ಮುಸುಕು ಎಂದರ್ಥ. ಹಡಗಿನ ಹಾಯಿಗೂ ಅದೇ ಪದ. ಎರಡರ ಮೂಲವೂ ಲ್ಯಾಟಿನ್ನಿನ ‘ವೇಲಮ್’. ಫ್ರೆಂಚರು ಅದನ್ನು ‘ವ್ವಾಲ್’ ಎನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ‘ವಾಯ್ಲ್’ ಆಯಿತು, ನಮ್ಮಲ್ಲಿ ‘ವಾಯಿಲ್’. ಚೂಡಿದಾರದ ಮೇಲೆ ಹಾಕುವ ‘ವೇಲ್’ ಇದೆಯಲ್ಲ, ಅದೂ ಇದೇ ಲ್ಯಾಟಿನ್ ಬೇರಿನಿಂದ ಇಂಗ್ಲಿಷ್ ಮೂಲಕ ಬಂದದ್ದು. ವಾಯಿಲ್ ಸೀರೆಗೆ ಅದು ದೂರದ ನೆಂಟ!

ಇನ್ನು ಅರ್ಥ. ತೆಳು ಕಾಟನ್ ಎಲ್ಲವೂ ವಾಯಿಲ್ ಅಲ್ಲ. ಗುಟ್ಟು ಇರುವುದು ನೂಲಿನ ಹುರಿಯಲ್ಲಿ. ವಾಯಿಲ್‌ಗೆ ಬಳಸುವ ನೂಲಿಗೆ ಮಾಮೂಲಿಗಿಂತ ಜಾಸ್ತಿ ಹುರಿ ಕೊಡುತ್ತಾರೆ. ಆಗ ನೂಲು ಬಿಗಿಯಾಗಿ, ನುಣ್ಣಗಾಗುತ್ತದೆ, ಮೇಲಿನ ನವಿರು ಎಳೆಗಳು ಒಳಗೆ ಸೇರಿಕೊಳ್ಳುತ್ತವೆ. ಅಂಥ ನೂಲನ್ನು ಸಾದಾ ನೇಯ್ಗೆಯಲ್ಲಿ ಸ್ವಲ್ಪ ಬಿಡಿಯಾಗಿ ನೇಯ್ದರೆ ಎಳೆಗಳ ನಡುವೆ ಸಣ್ಣ ಸಣ್ಣ ಸಂದು ಉಳಿಯುತ್ತದೆ. ಗಾಳಿ ಆಡುವುದು ಅಲ್ಲೇ. ಬೇಸಿಗೆಯಲ್ಲಿ ಉಟ್ಟವರಿಗೆ ಇದು ಚೆನ್ನಾಗಿ ಗೊತ್ತು. ಮಲ್ ಬಟ್ಟೆಯೂ ತೆಳುವೇ, ಆದರೆ ಅದರ ನೂಲಿಗೆ ಇಷ್ಟು ಹುರಿ ಇಲ್ಲ. ಹಾಗಾಗಿ ಮಲ್ ಮುಟ್ಟಲು ಮೆತ್ತಗೆ, ವಾಯಿಲ್ ಸ್ವಲ್ಪ ಗರಿಗರಿ.

‘ಫುಲ್ ವಾಯಿಲ್’ ಅಂದರೆ ಹಾಸಿನಲ್ಲೂ (ಉದ್ದದ ನೂಲು) ಹೊಕ್ಕಿನಲ್ಲೂ (ಅಡ್ಡದ ನೂಲು) ಎರಡೆರಡು ಎಳೆ ಸೇರಿಸಿ ಹುರಿ ಹಾಕಿದ ನೂಲು ಇರುವ ಬಟ್ಟೆ. ಬ್ಲೌಸ್‌ಗೆ ಕೇಳುವ ‘ಟೂ ಬೈ ಟೂ’ ರೂಬಿಯಾದ 2×2 ಲೆಕ್ಕವೂ ಇದೇ. ತೆಳು ಬಟ್ಟೆ ಅಂದರೆ ಅಗ್ಗದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ತಪ್ಪು. ಇಷ್ಟು ಸಣ್ಣ ನೂಲನ್ನು ಎರಡೆಳೆ ಮಾಡಿ ಹುರಿ ಹಾಕುವುದು ಹೆಚ್ಚಿನ ಕೆಲಸ, ಬೆಲೆಯೂ ಅದಕ್ಕೆ ತಕ್ಕ ಹಾಗೆ ಏರುತ್ತದೆ.

ಒಂದು ಮಾತು ನೆನಪಿರಲಿ. ವಾಯಿಲ್ ಎನ್ನುವುದು ಬಟ್ಟೆಯ ಬಗೆಯ ಹೆಸರು, ಹತ್ತಿಯ ಹೆಸರಲ್ಲ. ಪಾಲಿಯೆಸ್ಟರ್ ವಾಯಿಲ್ ಕೂಡ ಇದೆ, ಕಿಟಕಿ ಪರದೆಗಳಿಗೆ ಅದನ್ನೇ ಬಳಸುವುದು ಹೆಚ್ಚು. ಆದ್ದರಿಂದ ಸೀರೆ ಕೊಳ್ಳುವಾಗ ‘ವಾಯಿಲ್ ಕೊಡಿ’ ಎಂದರೆ ಸಾಲದು, ‘ಪ್ಯೂರ್ ಕಾಟನ್ ವಾಯಿಲ್ ತಾನೇ?’ ಎಂದು ಕೇಳಿ. ಅಂಚಿನಿಂದ ಒಂದು ನೂಲು ಎಳೆದು ಹುರಿ ಬಿಚ್ಚಿ ನೋಡಿ. ಎರಡು ಎಳೆ ಬೇರೆಯಾದರೆ ಆ ನೂಲು ಎರಡೆಳೆಯದು. ಹಾಸಿನದೊಂದು, ಹೊಕ್ಕಿನದೊಂದು ಹೀಗೆ ನೋಡಿದರೆ ಫುಲ್ ವಾಯಿಲ್ ಹೌದೋ ಅಲ್ಲವೋ ಗೊತ್ತಾಗುತ್ತದೆ.